ಮುಂದಿನ ಬ್ರೇಕು, ಹಿಂದಿನ ಭಾರ

ವಿಜ್ಞಾನ ಓದಿದವನ ಗಾಡಿಗೆ ಮೆಕ್ಯಾನಿಕ್ ಕೈ ಹಾಕುವುದೆಂದರೆ, ಅಡುಗೆ ಭಟ್ಟರ ಮನೆಗೆ ಹೋಟೆಲಿನಿಂದ ಊಟ ತರಿಸಿದಂತೆ ಎಂದು ತೀರ್ಥೇಶ್ ಮೇಷ್ಟ್ರು ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರೆದುರಿಗೆ ಸಾರಿಬಿಟ್ಟರು. ತಮ್ಮ ಮೋಟರ್ ಸೈಕಲ್ಲಿನ ರೋಗವನ್ನು ತಾವೇ ಪತ್ತೆ ಮಾಡಿ, ತಾವೇ ಮದ್ದು ಕೊಟ್ಟು, ಭಾನುವಾರ ಅದರ ಮೇಲೆಯೇ ಹೆಂಡತಿಯನ್ನು ಕೂರಿಸಿಕೊಂಡು ಕುಪ್ಪಗಡ್ಡೆಗೆ ಹೋಗುವುದು ಖಂಡಿತ ಎಂದರು.

ಮನೆತನದಲ್ಲಿ ಡಿಗ್ರಿ ಎಂಬ ವಸ್ತುವನ್ನು ಮೊದಲು ಹೊಸ್ತಿಲು ದಾಟಿಸಿ ಒಳಗೆ ತಂದವರು ಅವರು. ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಮಾಡಿ, ಶಿರಾಳಕೊಪ್ಪದ ಹತ್ತಿರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ನಿಯಮವನ್ನು ಮಕ್ಕಳಿಗೆ ವಿವರಿಸುವಾಗ ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ಮೋಟರ್ ಸೈಕಲ್ಲಿನ ಬ್ರೇಕಿನ ಚಿತ್ರವನ್ನೇ. ಆ ಚಿತ್ರದ ಬ್ರೇಕು ಒಮ್ಮೆಯೂ ಕೆಟ್ಟಿರಲಿಲ್ಲ.

ಕೆಟ್ಟದ್ದು ರಸ್ತೆಯಲ್ಲಿ, ಅದೂ ಶಿರಾಳಕೊಪ್ಪದ ಸಂತೆಯಿಂದ ಹೆಂಡತಿ ಶಾಲಿನಿಯ ಜೊತೆ ಮರಳುವಾಗ. ಗಾಡಿ ಯಾರೋ ಹಿಂದಿನಿಂದ ಬಾಲ ಹಿಡಿದು ಎಳೆದಂತೆ ತಿಣುಕುತ್ತಿತ್ತು. ಮೇಷ್ಟ್ರು ಗೇರು ಇಳಿಸಿದರು, ಆಕ್ಸಿಲರೇಟರ್ ತಿರುವಿದರು. ಇಂಜಿನ್ನು ಅರಚಿತೇ ಹೊರತು ಚಕ್ರಕ್ಕೆ ಉತ್ಸಾಹ ಬರಲಿಲ್ಲ. ಊರಿನ ಏರು ಹತ್ತುವಾಗ ಅವರೊಳಗಿನ ವಿಜ್ಞಾನಿ ಎಚ್ಚೆತ್ತು, ಯೋಚಿಸದೆ ಒಂದು ಮಾತು ಆಡಿಬಿಟ್ಟ.

"ಈಚೀಚೆಗೆ ಹಿಂದಿನ ಭಾರ ಸ್ವಲ್ಪ ಜಾಸ್ತಿ ಆಗಿದೆ ಅನ್ಸುತ್ತೆ."

"ಗಾಡಿ ನಿಲ್ಸಿ," ಎಂದಳು ಶಾಲಿನಿ.

ನಿಲ್ಲಿಸಲು ಕಷ್ಟಪಡಬೇಕಾಗಲಿಲ್ಲ. ಗಾಡಿ ಅಪ್ಪಣೆಗೇ ಕಾಯುತ್ತಿದ್ದಂತೆ ನಿಂತಿತು. ಶಾಲಿನಿ ಇಳಿದು, ತರಕಾರಿ ಚೀಲ ಸೊಂಟಕ್ಕೆ ಏರಿಸಿ, ತಿರುಗಿ ನೋಡದೆ ನಡೆದಳು. ಹಿಂದೆ ಗಾಡಿ ತಳ್ಳಿಕೊಂಡು ಮೇಷ್ಟ್ರು. ಊರ ಬಾಗಿಲಲ್ಲಿ ಈ ಮೆರವಣಿಗೆ ಕಂಡವರು ಪೆಟ್ರೋಲ್ ಖಾಲಿಯಾ ಎಂದು ಕೇಳಿದರು. ಹೌದು ಎನ್ನುವುದೇ ಕ್ಷೇಮವೆಂದು ಮೇಷ್ಟ್ರಿಗೆ ತೋರಿತು.

ಮನೆ ಸೇರಿದ ಮೇಲೆ ಶಾಲಿನಿ ತನ್ನ ಷರತ್ತನ್ನು ಶಾಂತವಾಗಿಯೇ ತಿಳಿಸಿದಳು.

"ಗಾಡಿ ಯಾಕೆ ಎಳೀತಿದೆ ಅಂತ ನೀವೇ ಕಂಡುಹಿಡೀರಿ. ಕಂಡುಹಿಡಿದು, 'ಅದು ನೀನಲ್ಲ' ಅಂತ ನಿಮ್ಮ ಬಾಯಿಂದಲೇ ಹೇಳಿ. ಅಲ್ಲಿವರೆಗೆ ನಾನು ಅದನ್ನ ಹತ್ತಲ್ಲ. ಕುಪ್ಪಗಡ್ಡೆಗೆ ಬಸ್ಸಲ್ಲಿ ಹೋಗ್ತೀನಿ."

ಇದು ಸಣ್ಣ ಬೆದರಿಕೆಯಲ್ಲ. ಭಾನುವಾರ ಕುಪ್ಪಗಡ್ಡೆಯಲ್ಲಿ ಶಾಲಿನಿಯ ತಮ್ಮ ಚನ್ನೇಶನ ಹೊಸ ಮನೆಯ ಪ್ರವೇಶ. ಅವರ ಕಡೆಯ ಪದ್ಧತಿಯಲ್ಲಿ, ಹಾಲು ಉಕ್ಕಿಸುವ ಹಿತ್ತಾಳೆ ಪಾತ್ರೆಯನ್ನು ಅಕ್ಕ-ಭಾವ ಜೋಡಿಯಾಗಿ ತಂದು, ಜೋಡಿಯಾಗಿಯೇ ಒಳಗೆ ಇಡಬೇಕು. ನೆಂಟರೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತು ನೋಡುತ್ತಾರೆ. ಅಕ್ಕ ಬಸ್ಸಿನಿಂದ, ಭಾವ ಗಾಡಿಯಿಂದ ಬೇರೆಬೇರೆ ಇಳಿದರೆ, ಹಾಲು ಉಕ್ಕುವ ಮುನ್ನ ಸುದ್ದಿ ಉಕ್ಕಿ, ಅದು ಸೊರಬ ತಾಲ್ಲೂಕನ್ನೆಲ್ಲ ಸುತ್ತಿ ಶಿಕಾರಿಪುರದ ಮೂಲಕ ಮೇಷ್ಟ್ರ ಸಿಬ್ಬಂದಿ ಕೊಠಡಿಗೇ ಬಂದು ಕೂರುತ್ತಿತ್ತು!

ಮೇಷ್ಟ್ರು ಟೊಂಕ ಕಟ್ಟಿದರು.

ಮೊದಲ ದಿನದ ಪ್ರಯೋಗ ಯಶಸ್ವಿಯಾಯಿತು. ಗಾಡಿಯನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ಏರಿಸಿ, ಹಿಂದಿನ ಭಾಗಕ್ಕೆ ಅಕ್ಕಿ ಮೂಟೆ ಹೇರಿ, ಎತ್ತಿ ನಿಂತ ಮುಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರು. ಅದು ಅರ್ಧ ಸುತ್ತೂ ತಿರುಗದೆ ನಿಂತುಬಿಟ್ಟಿತು. ಆಗತಾನೆ ಶಾಲೆಯಿಂದ ಬಂದಿದ್ದ ಗಾಡಿ. ಬ್ರೇಕಿನ ತಟ್ಟೆ ಬಿಸಿಯಾಗಿದೆಯೇ ಎಂದು ಬೆರಳಿಟ್ಟು ನೋಡಿದರು. ಆಗಿತ್ತು. ಬೆರಳನ್ನು ಮಜ್ಜಿಗೆ ಲೋಟದಲ್ಲಿ ಅದ್ದಿಕೊಂಡೇ ಅಡುಗೆಮನೆಗೆ ಹೋಗಿ, ಮುಂದಿನ ಬ್ರೇಕು ಬಿಡದೆ ಹಿಡಿದುಕೊಂಡಿದೆ, ಅದಕ್ಕೇ ಗಾಡಿ ಎಳೆಯುತ್ತಿದೆ ಎಂದು ವರದಿ ಒಪ್ಪಿಸಿದರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೇಷ್ಟ್ರಿಗೆ ಕಾರಣ ಹೇಳದೆ ಯಾವುದನ್ನೂ ಮುಗಿಸಿ ಅಭ್ಯಾಸವಿಲ್ಲ.

"ಯಾಕೆ ಹಿಡೀತು?" ಎಂದು ಕೇಳಿದಳು ಶಾಲಿನಿ.

"ಭಾರ ಜಾಸ್ತಿ ಆದಷ್ಟೂ ಬ್ರೇಕ್ ಜೋರಾಗಿ ಹಾಕ್ಬೇಕಾಗ್ತದೆ. ಹಾಗಾಗಿ ಅದು ಕಾದು..."

ಅಡುಗೆಮನೆಯ ಬಾಗಿಲು ಮುಚ್ಚಿಕೊಂಡಿತು.

ಎರಡನೆಯ ದಿನ, ಬ್ರೇಕಿನ ಸಂದಿಯಲ್ಲಿ ಗದ್ದೆಯ ಕೆಸರು ಕೂತಿರಬೇಕೆಂದು ಊಹಿಸಿ, ಗಾಡಿಗೆ ತಲೆಯಿಂದ ಕಾಲಿನವರೆಗೆ ಅಭ್ಯಂಜನ ಮಾಡಿಸಿದರು. ಆಶ್ಚರ್ಯವೆಂದರೆ ತೊಳೆದ ಮೇಲೆ ಚಕ್ರ ಇನ್ನಷ್ಟು ಬಿಗಿಯಾಯಿತು. ಸಾಬೂನು ಸಾಲದೆಂದು ಮತ್ತೆ ತೊಳೆದರು. ಮತ್ತೂ ಬಿಗಿಯಾಯಿತು. ಬಿಸಿಲಲ್ಲಿ ಒಣಗಿಸಿದರೆ ಕೊಂಚ ಸಡಿಲ. ನೀರಿಗೂ ಬ್ರೇಕಿಗೂ ಇರುವ ಈ ವೈರ ಅವರ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಇನ್ನೊಂದು ಉಪದ್ರವ ದಾರಿಯಲ್ಲಿ ಕಾದಿತ್ತು. ಗಾಡಿ ನಿಧಾನವಾದ್ದರಿಂದ ಈಗ ಎಲ್ಲರೂ ಅವರನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಹಾಗೆ ಹೋಗುವವರೆಲ್ಲ ಕೈಯೆತ್ತಿ, ಬೆರಳು ಮಡಚಿ ಬಿಚ್ಚಿ, ದೀಪ ಉರಿಯುತ್ತಿದೆ ಎಂದು ಸನ್ನೆ ಮಾಡುತ್ತಿದ್ದರು. ನಮ್ಮ ಕಡೆಯ ಜನರ ಈ ಕಾಳಜಿಗೆ ಕೊನೆಯಿಲ್ಲ. ಹೊಸ ಗಾಡಿಗಳ ಮುಂದಿನ ದೀಪವನ್ನು ಆರಿಸಲು ಸ್ವಿಚ್ಚೇ ಇಲ್ಲ, ಇಂಜಿನ್ ಓಡುವವರೆಗೂ ಅದು ಉರಿಯಲೇಬೇಕೆಂಬುದು ಸರ್ಕಾರದ ನಿಯಮ ಎಂದು ಮೇಷ್ಟ್ರು ಪಾಠ ಹೇಳುತ್ತಲೇ ಇದ್ದರು. ಹಾಲಿನ ಡೇರಿಯ ಮುಂದೆ ಒಬ್ಬ ಹಿರಿಯರಿಗಂತೂ ಗಾಡಿ ನಿಲ್ಲಿಸಿ ಬೋಧಿಸಿದರು. ಆ ಹಿರಿಯರು ಪೂರ್ತಿ ಕೇಳಿಸಿಕೊಂಡು, ತಮ್ಮ ಮಾತು ಹೇಳಲು ಎರಡು ಸಲ ಬಾಯಿ ತೆರೆದು, ಅವಕಾಶ ಸಿಗದೆ ಹೊರಟುಹೋದರು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅಂತಿಮ ಯುದ್ಧ ಶುರುವಾಯಿತು. ಮೊಬೈಲಿನಲ್ಲಿ ವಿಡಿಯೋ ಹಾಕಿ, ಅದರ ಬ್ಯಾಟರಿ ಮುಗಿಯದಿರಲೆಂದು ಗಾಡಿಯ ಕೀಲಿ ತಿರುಗಿಸಿ ಗಾಡಿಯಿಂದಲೇ ಚಾರ್ಜಿಗಿಟ್ಟು, ಮೇಷ್ಟ್ರು ಬೋಲ್ಟು ಬಿಚ್ಚಿದರು. ತಟ್ಟೆಯನ್ನು ಎರಡೂ ಕಡೆಯಿಂದ ಅಮುಕುವ ಬ್ರೇಕಿನ ಹಿಡಿತ ಕಳಚಿ ಕೈಗೆ ಬಂತು. ಅದರ ಒಳಗೆ ಎರಡು ಪ್ಯಾಡುಗಳು ಎದುರುಬದುರಾಗಿ ಕೂತಿದ್ದವು. ಬೋರ್ಡಿನ ಮೇಲೆ ಬರೆದದ್ದು ಕಣ್ಣೆದುರಿಗೆ! ನಿಯಮ ಕೆಲಸ ಮಾಡುವುದನ್ನು ನೋಡದೆ ಇರುವುದು ವಿಜ್ಞಾನಕ್ಕೆ ದ್ರೋಹ. ಹ್ಯಾಂಡಲಿಗೆ ಕೈ ಚಾಚಿ ಬ್ರೇಕಿನ ಹಿಡಿಯನ್ನು ಒಮ್ಮೆ ಒತ್ತಿದರು. ಪ್ಯಾಡುಗಳು ಹತ್ತಿರ ಬಂದವು. ಸಂತೋಷದಿಂದ ಇನ್ನೊಮ್ಮೆ ಒತ್ತಿದರು. ಅವು ಬಹುಕಾಲ ಅಗಲಿದ್ದ ಗಂಡಹೆಂಡಿರಂತೆ ಒಂದನ್ನೊಂದು ಅಪ್ಪಿಕೊಂಡವು.

ಬ್ರೇಕು ಕಳಚಿರುವಾಗ ಹಿಡಿಯನ್ನು ಯಾವ ಕಾರಣಕ್ಕೂ ಒತ್ತಬಾರದು ಎಂದು ವಿಡಿಯೋದ ಮನುಷ್ಯ ಅದಾದ ಮೇಲೆ ಹೇಳಿದ.

ಈಗ ಆ ಎರಡರ ನಡುವೆ ತಟ್ಟೆ ತೂರಿಸಲು ಕೂದಲಷ್ಟೂ ಜಾಗವಿಲ್ಲ. ಮೇಷ್ಟ್ರು ಬೆರಳಿಂದ ಬಿಡಿಸಿದರು, ಸ್ಕ್ರೂಡ್ರೈವರಿನಿಂದ ಮೀಟಿದರು. ಕೊನೆಗೆ, ಶಾಲಿನಿ ಹಿತ್ತಲಲ್ಲಿದ್ದ ಸಮಯ ನೋಡಿ, ಅಡುಗೆಮನೆಯಿಂದ ದೋಸೆ ಮಗುಚುವ ಕೈಯನ್ನು ತಂದು ಸಂದಿಗೆ ತುರುಕಿ, ಮೊಣಕಾಲು ಊರಿ, ಹಲ್ಲು ಕಚ್ಚಿ ಮೀಟಿದರು. ಮಗುಚುವ ಕೈ ಕೊಕ್ಕೆಯಾಯಿತು. ಪ್ಯಾಡು ಮಾತ್ರ ಕದಲಲಿಲ್ಲ. ಒಳಗಿನ ಎಣ್ಣೆಗೆ ಹಿಂದಕ್ಕೆ ಹೋಗಲು ದಾರಿಯೇ ಇಲ್ಲವೇನೋ ಎಂಬಂತೆ ಅದು ಮೊಂಡು ಹಿಡಿದಿತ್ತು. ಮುಖವೆಲ್ಲ ಮಸಿ. ಸೂರ್ಯ ಇಳಿಯುತ್ತಿದ್ದ. ಬೆಳಗಾದರೆ ಗೃಹಪ್ರವೇಶ. ಮೊದಲು ಎಳೆಯುತ್ತಿದ್ದ ಗಾಡಿ ಈಗ ಓಡುವ ಸ್ಥಿತಿಯಲ್ಲೇ ಇರಲಿಲ್ಲ. ಆದರೂ ಮೇಷ್ಟ್ರು ಸೋಲೊಪ್ಪದೆ, ಕೊಕ್ಕೆಯಾದದ್ದನ್ನು ತಿರುವಿ ಹಾಕಿ ಮತ್ತೊಂದು ಕಡೆಯಿಂದ ಮೀಟತೊಡಗಿದರು.

ಮಗುಚುವ ಕೈ ಹುಡುಕುತ್ತ ಶಾಲಿನಿ ಅಂಗಳಕ್ಕೆ ಬಂದಳು. ಗಾಡಿಯ ಹಿಂಬದಿಯಲ್ಲಿ ನಿಂತಳು. ಗಂಡನ ಕೈಯಲ್ಲಿದ್ದದ್ದನ್ನು ನೋಡಿದಳು. ಅದರ ಬಗ್ಗೆ ಏನೋ ಹೇಳಹೊರಟವಳು, ಬಗ್ಗಿ ಇನ್ನೇನನ್ನೋ ನೋಡಿದಳು.

"ರೀ, ಈ ದೀಪ ಯಾಕೆ ಉರೀತಿದೆ?"

ಮೇಷ್ಟ್ರು ತಲೆ ಎತ್ತದೆಯೇ, ಸರ್ಕಾರದ ನಿಯಮದಿಂದ ಆರಂಭಿಸಿದರು.

"ಅದು ಮುಂದಿಂದು. ನಾನು ಹಿಂದಿನ ಕೆಂಪು ದೀಪ ಕೇಳ್ತಿದೀನಿ. ಬ್ರೇಕ್ ಹಿಡಿದಾಗ ಉರಿಯೋದು. ನೀವು ಹಿಡಿ ಮುಟ್ಟೇ ಇಲ್ವಲ್ಲ."

ಮೇಷ್ಟ್ರು ಎದ್ದು ಹಿಂದಕ್ಕೆ ಬಂದರು. ದೀಪ ಕೆಂಡದಂತೆ ನಿಗಿನಿಗಿ ಉರಿಯುತ್ತಿತ್ತು. ಗಾಡಿ ಓಡಿಸುವವನಿಗೂ ಹಿಂದೆ ಕೂರುವವಳಿಗೂ ಕಾಣದ ದೀಪ ಅದು. ಇಷ್ಟು ದಿನ ಗಾಡಿಯ ಮೇಲಿರುತ್ತಿದ್ದ ಶಾಲಿನಿ ಮುನಿಸಿಕೊಂಡು ಕೆಳಗಿಳಿದದ್ದರಿಂದ ಅದರ ಬೆನ್ನು ನೋಡುವಂತಾಗಿತ್ತು. ಹಿಂದೆ ಹಾಕಿ ಹೋದವರ ಬೆರಳುಗಳೆಲ್ಲ ಮೇಷ್ಟ್ರ ಕಣ್ಣೆದುರು ಮಡಚಿ ಬಿಚ್ಚಿ ಕುಣಿದವು. ಡೇರಿಯ ಹಿರಿಯರು ಎರಡು ಸಲ ಬಾಯಿ ತೆರೆದದ್ದು ಇದಕ್ಕೇ! ಊರೂರಿನವರು ದಿನವೂ ರೋಗದ ಹೆಸರು ಕೂಗಿ ಹೇಳಿದ್ದರು. ಮೇಷ್ಟ್ರು ಅವರಿಗೆಲ್ಲ ಪಾಠ ಹೇಳಿ ಕಳಿಸಿದ್ದರು.

ಬ್ರೇಕಿನ ದೀಪ ಉರಿಯುತ್ತಿದೆಯೆಂದರೆ ಹಿಡಿ ಒತ್ತಿಕೊಂಡಿದೆ ಎಂದರ್ಥ. ಒತ್ತಿದವರು ಯಾರು? ಹ್ಯಾಂಡಲಿನ ಮೇಲೆ ಕರಿದಾರ, ಒಣಗಿದ ನಿಂಬೆಹಣ್ಣು, ಅರಿಶಿನದ ದಾರ ಎಲ್ಲ ಇದ್ದವು. ಎಲ್ಲರ ಗಾಡಿಯಲ್ಲೂ ಇರುವಂಥವೇ ಆದ್ದರಿಂದ ಕಣ್ಣು ಅವನ್ನು ನೋಡುವುದನ್ನೇ ಬಿಟ್ಟಿತ್ತು. ಈಗ ಬಗ್ಗಿ ನೋಡಿದರು. ಅರಿಶಿನದ ಹತ್ತಿ ದಾರ ಹ್ಯಾಂಡಲನ್ನೂ ಬ್ರೇಕಿನ ಹಿಡಿಯನ್ನೂ ಸೇರಿಸಿ ಸುತ್ತಿಕೊಂಡು, ಹಿಡಿಯನ್ನು ಒಂದು ಎಳೆಯಷ್ಟು ಒಳಕ್ಕೆ ಎಳೆದಿಟ್ಟಿತ್ತು. ನೀರು ಬಿದ್ದಾಗೆಲ್ಲ ದಾರ ಬಿಗಿದುಕೊಳ್ಳುತ್ತಿತ್ತು. ಗಾಡಿ ತೊಳೆದು ತೊಳೆದು ಬ್ರೇಕು ಹಿಡಿಸಿದವರು ಸ್ವತಃ ಮೇಷ್ಟ್ರೇ!

"ನಾನೇ ಕಟ್ಟೀನಿ," ಎಂದರು ಜಗುಲಿಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದ ಅವರ ತಾಯಿ ಹುಚ್ಚಮ್ಮ. "ನೀ ಗಾಡಿ ಜೋರು ಬಿಡ್ತೀಯಂತ ಅಮ್ಮನೋರಿಗೆ ಹರಕೆ ಮಾಡ್ಕಂಡಿದ್ದೆ. ಗಾಡಿ ನಿಲ್ಸೋದು ಆ ಹಿಡೀನೇ ಅಲ್ಲೇನಪ? ಅದ್ಕೇ ಅಲ್ಲೇ ಕಟ್ಟಿದೆ."

"ಅವ್ವಾ, ಗಾಡಿ ಮುಂದಕ್ಕೇ ಹೋಗ್ತಿರಲಿಲ್ಲ."

"ಅಮ್ಮನೋರು ನನ್ನ ಮಾತು ನಡೆಸ್ಯಾರ ಹಂಗಾರೆ," ಎಂದು ಹುಚ್ಚಮ್ಮ ತೃಪ್ತಿಯಿಂದ ಕೈ ಮುಗಿದರು.

ದೇವಿಗೆ ಅಪಚಾರವಾಗದಂತೆ ಅವರೇ ಎದ್ದು ಬಂದು ದಾರ ಬಿಚ್ಚಿ, ಕನ್ನಡಿಯ ಕಡ್ಡಿಗೆ ವರ್ಗಾಯಿಸಿದರು. ಹಿಡಿ ಟಕ್ಕನೆ ಹೊರಕ್ಕೆ ಬಂದು, ಒಳಗಿನ ಎಣ್ಣೆಗೆ ಹಿಂದಕ್ಕೆ ಹೋಗುವ ದಾರಿ ತೆರೆಯಿತು. ಕೆಂಪು ದೀಪ ಆರಿತು. ದೋಸೆ ಮಗುಚುವ ಕೈಗೂ ಜಗ್ಗದ ಪ್ಯಾಡುಗಳು ಮೇಷ್ಟ್ರ ಹೆಬ್ಬೆರಳಿಗೆ ಜಾರಿ ಹಿಂದೆ ಸರಿದವು. ಎಲ್ಲ ಜೋಡಿಸಿ, ಹಿಡಿ ಒತ್ತಿ ಬಿಟ್ಟು ಬ್ರೇಕು ಸರಿಯಿದೆಯೆಂದು ನೋಡಿಕೊಂಡು ಚಕ್ರ ತಿರುಗಿಸಿದರೆ, ಅದು ಬುಗುರಿಯಂತೆ ತಿರುಗಿತು.

"ಕಾರಣ ಸಿಕ್ತು," ಎಂದರು ಮೇಷ್ಟ್ರು.

"ಇನ್ನೊಂದು ಮಾತು ಬಾಕಿ ಇದೆ," ಎಂದಳು ಶಾಲಿನಿ.

ತಾಯಿಯ ಎದುರಿಗೆ ಅದನ್ನು ಹೇಳಲು ಮೇಷ್ಟ್ರಿಗೆ ನಾಲಿಗೆ ಹೊರಳಲಿಲ್ಲ. ದಾರಿಯಲ್ಲಿ ಖಂಡಿತ ಹೇಳುತ್ತೇನೆಂದು ಕೊಕ್ಕೆಯಾದ ಮಗುಚುವ ಕೈಯ ಸಾಕ್ಷಿಯಾಗಿ ಮಾತು ಕೊಟ್ಟರು. ಅದರ ಮೇಲೆ ಶಾಲಿನಿ ಗಾಡಿ ಹತ್ತಲು ಒಪ್ಪಿದಳು.

ಭಾನುವಾರ ಬೆಳಿಗ್ಗೆ ಹಿತ್ತಾಳೆ ಪಾತ್ರೆಯ ಚೀಲ ನಡುವೆ ಇಟ್ಟುಕೊಂಡು ಇಬ್ಬರೂ ಹೊರಟರು. ಗಾಡಿಗೆ ರೆಕ್ಕೆ ಬಂದಿತ್ತು. ಬಿಡದ ಬ್ರೇಕಿನ ವಿರುದ್ಧ ಹೋರಾಡಿ ಅಭ್ಯಾಸವಾಗಿದ್ದ ಮೇಷ್ಟ್ರ ಕೈ ಆಕ್ಸಿಲರೇಟರನ್ನು ಕೊಂಚ ತಿರುವಿದರೂ ಸಾಕು, ಅದು ಚಿಮ್ಮುತ್ತಿತ್ತು. ಸೊರಬದ ಬಸ್ ನಿಲ್ದಾಣದ ಹತ್ತಿರ ಶಾಲಿನಿ ಹೂವು ಕೊಳ್ಳಲು ಇಳಿದಳು. ಬೀಳದಿರಲೆಂದು ಚೀಲವನ್ನು ಸೀಟಿನ ಮೇಲಿಟ್ಟು, ಅದರ ಹಿಡಿಕೆಯನ್ನು ಹಿಂದಿನ ಕಂಬಿಗೆ ಸಿಕ್ಕಿಸಿದಳು. ಹೆಲ್ಮೆಟ್ಟಿನೊಳಗೆ ಮೇಷ್ಟ್ರು ಮುಂದೆ ನೋಡುತ್ತ, ಬಾಕಿ ಮಾತನ್ನು ಮನಸ್ಸಿನಲ್ಲೇ ತಿದ್ದಿ ತೀಡುತ್ತಿದ್ದರು. ಹಿಂದೆ ಸೀಟು ಅದುಮಿದ್ದು ತಿಳಿಯಿತು. ಹೊರಟರು.

ಊರು ದಾಟಿದ ಮೇಲೆ ಗಂಟಲು ಸರಿಮಾಡಿಕೊಂಡು ಆರಂಭಿಸಿದರು. ತಪ್ಪು ತಮ್ಮದೇ ಎಂದರು. ಅದು ನೀನಲ್ಲ, ಎಂದೂ ನೀನಾಗಿರಲಿಲ್ಲ ಎಂದರು. ಈಗ ನೀನು ಕೂತಿರುವುದು ಗಾಡಿಗೆ ಗೊತ್ತೇ ಆಗುತ್ತಿಲ್ಲ, ಹೂವಿನ ಹಾಗೆ ಹಗುರ ಎಂದರು. ದೋಸೆ ಮಗುಚಲು ಹೊಸದು ತರುವುದಾಗಿ, ಒಂದಲ್ಲ ಎರಡು ತರುವುದಾಗಿ ಹೇಳಿದರು. ಹಿಂದಿನಿಂದ ಉತ್ತರವಿಲ್ಲ. ಇಷ್ಟು ಹೇಳಿದ್ದಕ್ಕೆ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿರಬೇಕೆಂದು ಮೇಷ್ಟ್ರ ಕಣ್ಣೂ ಒದ್ದೆಯಾಯಿತು. ಕುಪ್ಪಗಡ್ಡೆಯವರೆಗೂ ಇಂಥ ಸುಖಸಂಸಾರ ಸಾಗಿತು.

ಹೊಸ ಮನೆಯ ಬಾಗಿಲಲ್ಲಿ ನೆಂಟರು ಸಾಲಾಗಿ ನಿಂತಿದ್ದರು. ಅತ್ತೆ ತಿಮ್ಮಮ್ಮ ಆರತಿ ತಟ್ಟೆ ಹಿಡಿದು ಮುಂದೆ ಬಂದರು. ಮೇಷ್ಟ್ರು ಮುಂದಿನ ಬ್ರೇಕು ಒತ್ತಿ, ಮಾದರಿ ಪಾಠದಂತೆ ಗಾಡಿಯನ್ನು ನಿಲ್ಲಿಸಿದರು. ತಿಮ್ಮಮ್ಮ ಅಳಿಯನ ಮುಖ ನೋಡಿದರು, ಅವರ ಹಿಂದೆ ನೋಡಿದರು, ಕಂಬಿಗೆ ಸಿಕ್ಕಿಸಿದ್ದ ಚೀಲವನ್ನು ನೋಡಿದರು.

"ಶಾಲಿನಿ ಎಲ್ಲಪ್ಪಾ?"

ಮೇಷ್ಟ್ರು ತಿರುಗಿ ನೋಡಿದರು.

ಅಷ್ಟರಲ್ಲಿ ಚನ್ನೇಶನ ಮೊಬೈಲು ಗುನುಗಿತು. ಗದ್ದಲದಲ್ಲಿ ಕೇಳಿಸದೆಂದು ಅವನು ಸ್ಪೀಕರ್ ಹಾಕಿದ. ನೆಂಟರೆಲ್ಲ ಹತ್ತಿರ ಸರಿದರು.

"ಚನ್ನೇಶಾ, ನಾನು ಸೊರಬದ ಬಸ್ ಸ್ಟ್ಯಾಂಡಲ್ಲಿದೀನಿ ಕಣೋ. ನಿಮ್ಮ ಭಾವ ಬಂದು ಮುಟ್ಟಿದ್ರಾ? ಹಿಂದಿನ ಭಾರ ಈಗ ಸರಿಹೋಯ್ತಾ ಅಂತ ಅವರನ್ನ ಒಂದ್ಸಲ ಕೇಳು."