ಚಲೋ ಎಂಬ ವಿಮರ್ಶೆ

ಬರೆಯದವನೇ ಬರೆಯುವುದು ಹೇಗೆಂದು ಚೆನ್ನಾಗಿ ಹೇಳಬಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆ. ಈಜು ಬಾರದವನು ದಡದಲ್ಲಿ ನಿಂತು "ಕಾಲು ಬಡಿ, ಕೈ ಚಾಚು" ಎಂದು ಕೂಗುತ್ತಾನಲ್ಲ, ಆ ಹುರುಪು ನೀರಿನಲ್ಲಿರುವವನಿಗೆ ಎಲ್ಲಿಂದ ಬರಬೇಕು? ಹಾಗಾಗಿ ನಮ್ಮ ನಾಗಪುರದ ಕನ್ನಡ ಸಂಘದ ಕಾರ್ಯದರ್ಶಿ ಪಾಟೀಲರು, ಬಜಾಜ್ ನಗರದ ಚೌಕದಲ್ಲಿ ತರ್ರಿ ಎಂಬ ಖಾರದ ಸಾರು ಸುರಿದ ಅವಲಕ್ಕಿ ಪೋಹೆ ತಿನ್ನುತ್ತ, ಸ್ಮರಣ ಸಂಚಿಕೆಗೆ "ಬರೆಯಲು ತೊಡಗುವುದು ಹೇಗೆ" ಎಂದು ಎರಡು ಪುಟ ಬೇಕು ಎಂದಾಗ ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ರೈಲ್ವೆ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಪತ್ರಗಳ ಕರಡು ತಯಾರಿಸಿದವನಿಗೆ ಎರಡು ಪುಟ ಯಾವ ಲೆಕ್ಕ? "ನಮ್ಮ ಹುಡುಗೂರು ಕನ್ನಡ ಓದಂಗಿಲ್ಲ ನೋಡ್ರಿ ಸರ್. ಅವರು ಓದಿ ಮುಗಸೂಹಂಗ ಬರದ ಕೊಡ್ರಿ, ಸಾಕು" ಎಂದರು ಪಾಟೀಲರು. ನನಗೆ ಖಾರ ನೆತ್ತಿಗೇರಿತು. ಅದು ತರ್ರಿಯಿಂದಲ್ಲ, ಮಗಳ ನೆನಪಿನಿಂದ.

ನಮ್ಮ ಶಾಲ್ಮಲಾಳಿಗೆ ಈಗ ಹದಿನಾಲ್ಕು. ಹುಟ್ಟಿ ಬೆಳೆದದ್ದು ಪ್ರತಾಪ ನಗರದ ಈ ಮನೆಯಲ್ಲೇ. ಗೆಳತಿಯರೊಡನೆ ಮರಾಠಿ, ಜಗಳಕ್ಕೆ ಹಿಂದಿ, ಹಸಿವಾದಾಗ ಮಾತ್ರ ಕನ್ನಡ. ಕನ್ನಡ ಅಕ್ಷರ ಬರುತ್ತದೆ, ಆದರೆ ಕತ್ತಲಲ್ಲಿ ಮೆಟ್ಟಿಲಿಳಿಯುವವರ ಹಾಗೆ ಒಂದೊಂದೇ ಅಕ್ಷರವನ್ನು ತಡವಿ ತಡವಿ ಓದುತ್ತಾಳೆ. ಅಪ್ಪ ಬರೆದ ಒಂದು ಸಾಲನ್ನೂ ಅವಳು ಈವರೆಗೆ ಓದಿರಲಿಲ್ಲ. ಸಂಚಿಕೆ ಹಾಳಾಗಲಿ, ಈ ಎರಡು ಪುಟವನ್ನು ಅವಳು ಕೊನೆಯವರೆಗೆ ಓದಬೇಕು ಎಂದು ಅಂದೇ ಮನಸ್ಸಿನಲ್ಲಿ ಹಟ ಹಿಡಿದೆ.

ಬರೆಯಲು ಸಿದ್ಧತೆ ಮುಖ್ಯ ಎಂದು ಎಲ್ಲರೂ ಹೇಳುತ್ತಾರೆ. ನಾನು ಒಂದು ವಾರ ಸಿದ್ಧತೆಯನ್ನೇ ಮಾಡಿದೆ. ಹೊಸ ಪೆನ್ನು, ಗೆರೆಯಿಲ್ಲದ ನೋಟುಬುಕ್ಕು, ಕೂಲರಿನ ಎದುರಿಗೆ ಕುರ್ಚಿ. ಕೂಲರು ಹನಿ ಸಿಡಿಸಿ ಪುಟ ಒದ್ದೆಯಾಯಿತು. ಕುರ್ಚಿ ಆಚೆ ಸರಿಸಿದರೆ ಬೆವರಿನಿಂದ ಒದ್ದೆಯಾಯಿತು. ಎರಡರ ನಡುವೆ ಒಂದು ಸೂಕ್ತ ಜಾಗವಿದೆಯೆಂದು ಕಂಡುಹಿಡಿಯುವಷ್ಟರಲ್ಲಿ ಭಾನುವಾರ ಮುಗಿಯಿತು. ಕಡೆಗೂ ಒಂದು ವಾಕ್ಯ ಇಳಿಯಿತು: "ಬರವಣಿಗೆ ಎಂಬ ವಿಷಯಕ್ಕೆ ಸಂಬಂಧಿಸಿದಂತೆ ಉದಯೋನ್ಮುಖ ಬರಹಗಾರರ ಅವಗಾಹನೆಗೆ ತರಬಯಸುವುದೇನೆಂದರೆ." ಏನೆಂದರೆ ಏನು ಎಂಬುದು ಇನ್ನೂ ಹೊಳೆದಿರಲಿಲ್ಲ, ಆದರೂ ಗಾಂಭೀರ್ಯಕ್ಕೇನೂ ಕೊರತೆಯಿರಲಿಲ್ಲ.

ಒಯ್ದು ಹೆಂಡತಿಗೆ ಓದಿ ಹೇಳಿದೆ. ಸುಮಂಗಲಾ ಧಾರವಾಡದ ಕಡೆಯವಳು, ನಾನು ಮೈಸೂರಿನವನು. ಕೂತು ಸೊಪ್ಪು ಬಿಡಿಸುತ್ತಿದ್ದವಳು ಪೂರ್ತಿ ಕೇಳಿ, "ಚಲೋ" ಎಂದು ಎದ್ದು ಹೋದಳು. ಅವಳ ಸೀಮೆಯಲ್ಲಿ ಚಲೋ ಎಂದರೆ ಚೆನ್ನಾಗಿದೆ ಎಂದರ್ಥ. ಮದುವೆಯಾದ ಇಷ್ಟು ವರ್ಷಗಳಲ್ಲಿ ನನ್ನ ಯಾವ ಕೆಲಸಕ್ಕೂ ಸಿಗದ ಪದ ಅದು. ಮೂರು ದಿನ ನೆಲ ಮುಟ್ಟದೆ ಓಡಾಡಿದೆ. ಕಚೇರಿಯಲ್ಲಿ ಇಬ್ಬರಿಗೆ ಬರವಣಿಗೆಯ ಬಗ್ಗೆ ಕೇಳದೆಯೇ ಸಲಹೆ ಕೊಟ್ಟೆ.

ನಾಲ್ಕನೆಯ ದಿನ ಮಗಳು ನನ್ನನ್ನು ಕನಿಕರದಿಂದ ನೋಡಿ, "ಅಪ್ಪಾ, ಅಮ್ಮ ಅಂದಿದ್ದು ಕನ್ನಡದ ಚಲೋ ನಹೀ. ಹಿಂದೀ ವಾಲಾ ಚಲೋ. ಬಸ್, ಆತು, ನಡೀರಿ ಅಂತ" ಎಂದಳು. ನೇರವಾಗಿ ಹೋಗಿ ಹೆಂಡತಿಯನ್ನೇ ಕೇಳಿದೆ.

"ಎರಡೂ ಅಲ್ಲರಿ. ಕುಕ್ಕರ್ ಕೂಗಿತ್ತು, ಎದ್ದೆ" ಎಂದಳು ಸುಮಂಗಲಾ. ನನ್ನ ಮೋರೆ ನೋಡಿ ಪಾಪ ಅನ್ನಿಸಿರಬೇಕು, ಒಂದು ಮಾತು ಸೇರಿಸಿದಳು: "ನೀವು ಹಂಚಿನ ಪತ್ರ ಬರದಂಗ ಬರದೀರಿ. ನಾ ಫೋನ್ ಮಾಡಿದಂಗ ಬರೀರಿ."

ಹಂಚಿನ ಪತ್ರದ ಕಥೆ ಹೇಳಲೇಬೇಕು. ನಾವು ಹುಬ್ಬಳ್ಳಿಯಿಂದ ವರ್ಗವಾಗಿ ಬಂದಾಗ ಸಾಮಾನೆಲ್ಲ ನಾಗಪುರದ ಹೊರವಲಯದ ವಾಡಿಯ ಲಾರಿ ಗೋದಾಮಿನಲ್ಲಿ ಇಳಿದು ಮನೆಗೆ ಬಂತು, ಅವಳ ತವರಿನ ರೊಟ್ಟಿ ಹಂಚೊಂದು ಬಿಟ್ಟು. ನಾನು ಗೋದಾಮಿನವರಿಗೆ ಒಂದೂವರೆ ಪುಟದ ಪತ್ರ ಬರೆದೆ. ಉಲ್ಲೇಖ, ವಿಷಯ, ಅಡಕ, ಎಲ್ಲ ಇತ್ತು. ಹದಿನೈದು ದಿನದ ಮೇಲೆ, "ಯಾವ ವಿಷಯ ಎಂದು ದಯವಿಟ್ಟು ತಿಳಿಸಿ" ಎಂದು ಮಾರೋಲೆ ಬಂತು. ಆಗ ಸುಮಂಗಲಾ ತನ್ನ ಹರುಕು ಹಿಂದಿಯಲ್ಲಿ ಫೋನ್ ಮಾಡಿ, "ಭೈಯಾ, ಮೇರಾ ರೊಟ್ಟಿಕಾ ತವಾ ಕಿಧರ್ ಹೈ? ಪಂದ್ರಾ ದಿನ್ ಸೇ ಚಾವಲ್ ಖಾತಾ ಹೈ ಹಮ್" ಎಂದಳು. ಮರುದಿನವೇ ಹಂಚು ಬಾಗಿಲಲ್ಲಿತ್ತು.

ಅಂದು ಸಂಜೆ ನೋಟುಬುಕ್ಕನ್ನು ಮಗಳ ಮುಂದಿಟ್ಟು, ಓದು ಎಂದೆ. "ಅವಗಾಹನೆ"ಯಲ್ಲಿ ನಿಂತಳು. "ಹೇ ಕಾಯ್ ಆಹೇ, ಅಪ್ಪಾ?" ಗಮನ ಎಂದೆ. ಹಾಗಾದರೆ ಗಮನ ಅಂತಲೇ ಯಾಕೆ ಬರೆಯಲಿಲ್ಲ ಎಂದು ಕೇಳಿದಳು. ಆ ಪದವನ್ನು ಹೊಡೆದುಹಾಕಿದೆ. "ಉದಯೋನ್ಮುಖ"ಕ್ಕೆ ಎರಡು ಸಲ ಉಸಿರು ತೆಗೆದುಕೊಂಡಳು, ಅದೂ ಹೋಯಿತು. ಅವಳು ಎಡವಿದಲ್ಲೆಲ್ಲ ನಾನು ಗೀಟು ಎಳೆಯುತ್ತ ಬಂದೆ. ಕೊನೆಗೆ "ಬರವಣಿಗೆ" ಒಂದೇ ಪದ ಉಳಿಯಿತು. ನಿಜ ಹೇಳುತ್ತೇನೆ, ಸಂಕಟವಾಯಿತು. ಇಪ್ಪತ್ತಾರು ವರ್ಷ ಜೊತೆಗಿದ್ದ ಪದಗಳು, ಒಂದು ಮಾತೂ ಆಡದೆ ಹೊರಟುಹೋದವು.

ಖಾಲಿ ಪುಟದಲ್ಲಿ ಹಂಚಿನ ಕಥೆಯನ್ನು, ಊಟಕ್ಕೆ ಕೂತಾಗ ಹೇಳುವ ಹಾಗೆಯೇ ಬರೆದೆ. ಕೂಲರು ಎಲ್ಲಿತ್ತೋ ಗೊತ್ತಾಗಲಿಲ್ಲ, ಒಂದೇ ಪಟ್ಟಿಗೆ ಮುಗಿಯಿತು. ಕೊನೆಗೆ ಒಂದೇ ಸಲಹೆ ಸೇರಿಸಿದೆ: ನಿಮ್ಮ ಬರಹವನ್ನು ಪಂಡಿತರಿಗೆ ಕೊಡಬೇಡಿ, ಅಕ್ಷರ ತಡವರಿಸುವ ಒಬ್ಬರಿಗೆ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ.

ಮರುದಿನ ಶಾಲ್ಮಲಾ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದತೊಡಗಿದಳು. ನಾನು ಪೇಪರು ಹಿಡಿದು, ಓದುವವನಂತೆ ನಟಿಸುತ್ತ ಅವಳ ಬೆರಳನ್ನೇ ನೋಡುತ್ತಿದ್ದೆ. ಗೋದಾಮಿನ ಹತ್ತಿರ ಒಮ್ಮೆ ನಿಂತಿತು, ಮತ್ತೆ ಹೊರಟಿತು. ಅಮ್ಮನ ಹಿಂದಿ ಬಂದಾಗ ಅವಳು ಕಿಸಕ್ಕನೆ ನಕ್ಕಳು. ಬೆರಳು ಎರಡನೆಯ ಪುಟದ ಕೊನೆಯ ಸಾಲಿಗೆ ಬಂದು ನಿಂತಾಗ ನನಗೆ ಕಣ್ಣು ಮಂಜಾಯಿತು, ಪೇಪರನ್ನು ಇನ್ನಷ್ಟು ಮೇಲೆತ್ತಿಕೊಂಡೆ.

ಅವಳು ನೋಟುಬುಕ್ಕು ಮುಚ್ಚಿ, "ಚಲೋ, ಅಪ್ಪಾ" ಎಂದು ಎದ್ದು ಹೋದಳು.

ಕುಕ್ಕರ್ ಕೂಗಿರಲಿಲ್ಲ, ಅದನ್ನು ಖಚಿತಪಡಿಸಿಕೊಂಡಿದ್ದೇನೆ. ಆದರೆ ಯಾವ ಚಲೋ ಎಂದು ಮಾತ್ರ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಮೇಲಿನವರಿಂದ ಬಂದ ಆದೇಶಕ್ಕೆ ಸ್ಪಷ್ಟೀಕರಣ ಕೋರಿದರೆ ಉತ್ತರ ಎಂದೂ ನಮ್ಮ ಪರವಾಗಿರುವುದಿಲ್ಲ ಎಂಬುದಷ್ಟೇ ಇಪ್ಪತ್ತಾರು ವರ್ಷದ ಕರಡು ಬರವಣಿಗೆಯಿಂದ ನಾನು ಕಲಿತದ್ದು.