ಮುಂದೆ ಯಜಮಾನರು, ಹಿಂದೆ ಕಿತ್ತ ಚಪ್ಪಲಿ

ನಾವಿಬ್ಬರೂ ಜೊತೆಯಾಗಿ ಹೊರಟ ದಿನ ಏನಾದರೊಂದು ಆಗದೆ ಮನೆಗೆ ಬಂದದ್ದೇ ಇಲ್ಲ. ‘ಜೊತೆಯಾಗಿ’ ಅನ್ನುವುದೂ ಸುಳ್ಳೇ. ನಮ್ಮ ಯಜಮಾನರು ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವರು, ಯಾವಾಗಲೂ ಹತ್ತು ಹೆಜ್ಜೆ ಮುಂದೆ. ಸಪ್ತಪದಿಯಲ್ಲಿ ಸೆರಗಿಗೂ ಶಲ್ಯಕ್ಕೂ ಗಂಟು ಹಾಕಿದ್ದಕ್ಕೆ ನಾನು ಬಚಾವಾದೆ. ಇಲ್ಲದಿದ್ದರೆ ಒಬ್ಬರೇ ಏಳು ಹೆಜ್ಜೆ ಮುಗಿಸಿ ಊಟದ ಪಂಕ್ತಿಯಲ್ಲಿ ಕೂತುಬಿಡುತ್ತಿದ್ದರು.

ಮೊನ್ನೆ ಶನಿವಾರ ಮಧುಗಿರಿಯಿಂದ ಪಾವಗಡದ ಶನಿಮಹಾತ್ಮನ ದರ್ಶನಕ್ಕೆ ಹೊರಟಾಗ ಮೊದಲೇ ಹೇಳಿದ್ದೆ. "ರೀ, ಇವತ್ತೊಂದಿನ ನನ್ ಪಕ್ಕದಾಗೇ ನಡೀಬೇಕು. ನೋಡಿದೋರು ಗಂಡ ಹೆಂಡ್ತಿ ಅನ್ಬೇಕು, ಕಳ್ಳನ್ನ ಅಟ್ಟಿಸ್ಕಂಡು ಬಂದೋಳು ಅನ್ಬಾರ್ದು."

"ಆತು ಕಣೇ" ಅಂದರು. ಅಂದದ್ದು ಗೇಟಿನ ಆಚೆಯಿಂದ.

ಟವೆಲ್ಲಿನ ಪ್ರಯಾಣ

ಬಸ್ ಸ್ಟ್ಯಾಂಡಿಗೆ ಪ್ರೈವೇಟ್ ಬಸ್ಸೊಂದು ಬಂತು. ಅದು ನಿಲ್ಲುವ ಮೊದಲೇ ಇವರು ಓಡಿ ಕಿಟಕಿಯೊಳಗೆ ಟವೆಲ್ ಎಸೆದರು. ನಮ್ಮ ಕಡೆ ಟವೆಲ್ ಬಿದ್ದ ಸೀಟಿಗೆ ಬೇರೆ ದಾಖಲೆ ಬೇಡ.

"ಬಾರೇ, ಬಿರ್ರನೆ ಬಂದ್ಬುಡು!"

ಓಡಿದೆ. ಮೆಟ್ಟಿಲು ಹತ್ತುವಾಗ ಹಿಂದಿನವರು ಯಾರೋ ತುಳಿದು ನನ್ನ ಎಡಗಾಲಿನ ಚಪ್ಪಲಿಯ ಉಂಗುಷ್ಠ ಪಟ್ಟಂತ ಕಿತ್ತಿತು. ಕುಂಟುತ್ತಾ ಹೋಗಿ ಕೂತೆ.

"ಹೆಂಗೆ ಸೀಟ್ ಹಿಡ್ದೆ ನೋಡ್ದಾ?" ಅಂತ ಇವರು ಬೀಗಿದರು. ಕಂಡಕ್ಟರ್ ಬಂದಾಗ ಅದೇ ಗತ್ತಿನಲ್ಲಿ "ಎರಡು ಪಾವಗಡ" ಅಂದರು.

"ಇದು ಸಿರಾ ಬಸ್ಸು ಕಣಣ್ಣ, ಇಳೀರಿ ಇಳೀರಿ."

ಗಡಿಬಿಡಿಯಲ್ಲಿ ಇಳಿದು ಪಾವಗಡದ ಬಸ್ಸು ಹತ್ತಿದೆವು. ನಾವಿಬ್ಬರೂ ಪಾವಗಡದವರೆಗೆ ನಿಂತುಕೊಂಡು ಹೋದೆವು. ಟವೆಲ್ಲು ಮಾತ್ರ ಸಿರಾಕ್ಕೆ ಕೂತುಕೊಂಡು ಹೋಯಿತು.

ಚೆಪ್ಪಮ್ಮಾ

ಪಾವಗಡದಲ್ಲಿ ಇಳಿದದ್ದೇ ತಡ, ಇವರು ಮತ್ತೆ ಮುಂದೆ. ನನಗೆ ಸಿಟ್ಟು ನೆತ್ತಿಗೇರಿತ್ತು. ಒಂದು ಪಿನ್ನು ಸಿಕ್ಕರೆ ಉಂಗುಷ್ಠ ಸಿಕ್ಕಿಸಿಕೊಳ್ಳಬಹುದು ಅಂತ ಬಳೆ ಅಂಗಡಿಯೊಂದರ ಮುಂದೆ ನಿಂತೆ.

"ಚೆಪ್ಪಮ್ಮಾ" ಅಂದ ಅಂಗಡಿಯವ.

ಪಾವಗಡದ ಪೇಟೆಯಲ್ಲಿ ತೆಲುಗಿನದೇ ಮಾತು. ನಾನು ಕೊರಟಗೆರೆ ಕಡೆಯ ಕೊಳಾಲದವಳು, ತೆಲುಗು ಅಷ್ಟಕ್ಕಷ್ಟೆ. ಕುಂಟುವುದನ್ನು ದೂರದಿಂದಲೇ ಕಂಡಿದ್ದಾನೆ, ಎಂಥಾ ಒಳ್ಳೆಯ ಮನುಷ್ಯ ಅಂದುಕೊಂಡೆ.

"ಹೂಂ ಕಣಣ್ಣ, ಚಪ್ಪಲೀನೇ!"

ಅವನು ಪಿಳಿಪಿಳಿ ನೋಡಿದ. "ಚೆಪ್ಪಮ್ಮಾ, ಚೆಪ್ಪು!"

ಬಾಯಿಮಾತು ಸಾಲದು ಅಂತ ಚಪ್ಪಲಿ ಕಳಚಿ, ಅವನ ಮುಖದ ಹತ್ತಿರ ಎತ್ತಿ ಹಿಡಿದು ತೋರಿಸಿದೆ.

ಅವನು ಗೋಡೆಗೆ ಅಂಟಿಕೊಂಡ. "ನೇನೇಮನ್ನಾನಮ್ಮಾ!" ನಾನೇನಂದೆ ತಾಯಿ ಅಂತ ಅವನ ಗೋಳು. ಅಕ್ಕಪಕ್ಕದ ಅಂಗಡಿಯವರೆಲ್ಲ ಎದ್ದು ಬಂದರು. ಗದ್ದಲ ಕೇಳಿ ಇವರೂ ವಾಪಸ್ ಓಡಿ ಬಂದರು.

"ಲೇ, ಚೆಪ್ಪು ಅಂದ್ರೆ ಹೇಳು ಅಂತ ಕಣೇ! ಏನ್ ಬೇಕು ಅಂತ ಕೇಳ್ತಾವ್ರೆ, ಕೈ ಇಳ್ಸು!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನು ದೂರದಿಂದಲೇ ಪಿನ್ನು ಚಾಚಿದ. ಎಷ್ಟಾಯಿತು ಅಂದೆ.

"ದುಡ್ಡು ಬ್ಯಾಡಮ್ಮಾ, ಅದನ್ನ ಕೆಳಗಿಡು ಸಾಕು."

ಬಿಟ್ಟ ಶನಿ

ಶನಿಮಹಾತ್ಮನ ಗುಡಿಯ ಹತ್ತಿರ ಚಪ್ಪಲಿ ಬಿಟ್ಟು ಹೋದರೆ ಹಿಡಿದ ಶನಿಯೂ ಬಿಡುತ್ತದೆ ಅನ್ನುವ ನಂಬಿಕೆ.

"ಆ ಕಿತ್ತೋಗಿರೋದನ್ನ ಇಲ್ಲೇ ಬುಟ್ಬುಡು. ಹೊಸವು ಕೊಡಿಸ್ತೀನಿ" ಅಂದರು ಇವರು. ಚಪ್ಪಲಿ ಸ್ಟ್ಯಾಂಡಿನ ಸಾಲಲ್ಲಿ ನಿಲ್ಲುವ ತಾಳ್ಮೆ ಎಲ್ಲಿಯದು? ತಮ್ಮ ಹೊಚ್ಚ ಹೊಸ ಜೋಡಿಯನ್ನೂ ನನ್ನದರ ಪಕ್ಕದಲ್ಲೇ ಕಳಚಿ ಒಳಗೆ ಓಡಿದರು.

ದರ್ಶನ ಮುಗಿಸಿ ಬಂದರೆ ನನ್ನ ಪಿನ್ನಿನ ಚಪ್ಪಲಿ ಇಟ್ಟ ಜಾಗದಲ್ಲೇ ಇತ್ತು. ಇವರದು ಇರಲಿಲ್ಲ. ಇವರಿಗಿಂತ ಅವಸರದವರು ಯಾರೋ ಮೆಟ್ಟಿಕೊಂಡು ಹೋಗಿದ್ದರು. ನಾನು ತೆಪ್ಪಗೆ ನನ್ನದನ್ನು ಹಾಕಿಕೊಂಡೆ.

ಮಟಮಟ ಮಧ್ಯಾಹ್ನ, ಪಾವಗಡದ ಟಾರು ರಸ್ತೆ. ಇವರು ಬಾಣಲೆಗೆ ಬಿದ್ದ ಎಳ್ಳಿನ ಹಾಗೆ ಸಿಡಿದರು. ಕೊನೆಗೆ ನನ್ನ ಹೆಗಲು ಹಿಡಿದು, ನನ್ನ ನೆರಳು ಬಿದ್ದಲ್ಲೇ ಕಾಲಿಡತೊಡಗಿದರು. ಆ ಹೊತ್ತಿನ ನೆರಳು ಎಷ್ಟಿದ್ದೀತು? ಅಂಟಿಕೊಂಡೇ ನಡೆಯಬೇಕು.

"ನಿಧಾನಕ್ ನಡಿಯೇ!"

ಈ ಮಾತು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಚಪ್ಪಲಿ ಅಂಗಡಿ ಇನ್ನೂ ದೂರ ಇರಲಿ ಅನ್ನಿಸಿತು.

ದಾರಿಬದಿ ಹೂವು ಮಾರುತ್ತಿದ್ದ ಅಜ್ಜಿಯೊಬ್ಬಳು ಇವರ ಬರಿಗಾಲು ನೋಡಿ ನನಗೆ ಸಮಾಧಾನ ಹೇಳಿದಳು. "ಚಪ್ಲಿ ಹೋದ್ರೆ ಹೋಯ್ತು ಬುಡವ್ವ. ಶನಿ ಬುಟ್ಟೋಯ್ತು ಅಂತ ತಿಳ್ಕೋ."

"ಎಲ್ ಬುಡ್ತಜ್ಜಿ?" ಅಂದೆ. "ಇಷ್ಟ್ ದಿನ ಮುಂದ್ಮುಂದೆ ಓಡ್ತಿತ್ತು, ಇವತ್ತು ಹೆಗಲೇ ಏರ್ಬುಟ್ಟೈತೆ!"