ಡಾಕ್ಟರ ಕೈಗೆ ಏನು ಕೊಡೋದು?

ಡಾಕ್ಟರು: ಸ್ಟೆತಾಸ್ಕೋಪ್ ಬೇಡ ಅನ್ನೋಕೆ ನೀವ್ಯಾರ್ರೀ? ಚಿತ್ರ ನಂದೋ, ನಿಮ್ಮದೋ?

ಚಿತ್ರಕಾರ: ಮುಖ ನಿಮ್ಮದು, ಚಿತ್ರ ನಂದು ಸಾರ್. ನಾಳೆ ಜನ ನಕ್ಕರೆ ಕೆಳಗಡೆ ಇರೋದು ನನ್ನ ಸಹಿ.

ಡಾಕ್ಟರು: ಸ್ಟೆತಾಸ್ಕೋಪ್ ನೋಡಿ ಯಾರಾದ್ರೂ ನಗ್ತಾರೇನ್ರೀ?

ಚಿತ್ರಕಾರ: ಹೊರಗೆ ಬುಡ್ಡಿ ಹಿಡ್ಕೊಂಡು ನಿಂತಿದಾರಲ್ಲ, ಆ ಹಿರಿಯರೂ ಹಾಗೇ ಅಂದ್ಕೊಂಡಿದ್ರು.

ಡಾಕ್ಟರಿಗೆ ಮಾತು ಚುರುಕ್ಕೆಂದು ತಾಗಿತು. ಈ ವಾರ ಅವರಿಗೆ ನಿವೃತ್ತಿ. ಅವರಿಗಿಂತ ಮುಂಚೆ ಆ ಹಳೆಯ ಆಸ್ಪತ್ರೆಯ ಮುಖ್ಯಸ್ಥರಾಗಿದ್ದವರೆಲ್ಲ ಹೊರಗಿನ ಕಾರಿಡಾರಿನಲ್ಲಿ ಸಾಲಾಗಿ ಚಿತ್ರವಾಗಿ ತೂಗುತ್ತಿದ್ದರು. ಸಾಲಿನ ಮೊದಲಿಗರು ರೋಗಿಯ ಮೂತ್ರವನ್ನು ಗಾಜಿನ ಬುಡ್ಡಿಯಲ್ಲಿ ಬೆಳಕಿಗೆ ಹಿಡಿದು ಗಂಭೀರವಾಗಿ ನೋಡುತ್ತಿದ್ದಾರೆ. ಬಣ್ಣ ನೋಡಿಯೇ ಎಲ್ಲ ಕಾಯಿಲೆ ಹೇಳುತ್ತಿದ್ದ ಕಾಲ ಅದು. ಆಮೇಲಿನವರ ಕೈಯಲ್ಲಿ ಜಿಗಣೆಯ ಜಾಡಿ, ತಲೆನೋವಿಗೂ ಅದೇ, ಜ್ವರಕ್ಕೂ ಅದೇ. ಇನ್ನೂ ಈಚಿನ ಒಬ್ಬರು ಎಳೆಯುತ್ತಿರುವುದು ಸಿಗರೇಟು. ಪ್ರತಿವರ್ಷ ಹೊಸ ವಿದ್ಯಾರ್ಥಿಗಳು ಬಂದಾಗ ನಮ್ಮ ಡಾಕ್ಟರೇ ಅವರನ್ನು ಅಲ್ಲಿಗೆ ಕರೆದೊಯ್ದು, “ಈ ಮಹಾನುಭಾವರ ಕೈಗೆ ಸಿಕ್ಕಿಯೂ ಬದುಕಿದವರು ಗಟ್ಟಿ ಪಿಂಡ ಕಣ್ರಪ್ಪಾ!” ಎಂದು ಹೊಟ್ಟೆ ಹಿಡಿದು ನಗುತ್ತಿದ್ದರು. ಈಗ ಸಾಲಿನ ತುದಿಯಲ್ಲಿ ಇವರಿಗಾಗಿ ಹೊಸ ಮೊಳೆ ಹೊಡೆದಾಗಿದೆ. ಇನ್ನು ಮುಂದೆ ಯಾವನೋ ಒಬ್ಬ ತನ್ನನ್ನು ತೋರಿಸಿ ಹೊಟ್ಟೆ ಹಿಡಿದುಕೊಳ್ಳುತ್ತಾನೆ ಎಂದು ನೆನೆದರೆ ಇವರಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಮಾಡಿದ್ದುಣ್ಣೋ ಮಾರಾಯ ಅಂದರೆ ಇದೇ.

ಡಾಕ್ಟರು: ಸರಿ, ಎಕ್ಸ್‌ರೇ ಹಿಡ್ಕೊಳ್ತೀನಿ.

ಚಿತ್ರಕಾರ: ಯಾರದೋ ಪಕ್ಕೆಲುಬಾ? ‘ನನ್ನ ರೋಗಿಗಳಲ್ಲಿ ಉಳಿದಿದ್ದು ಇಷ್ಟೇ’ ಅಂದ ಹಾಗಿರುತ್ತೆ.

ಡಾಕ್ಟರು: ಪೆನ್ನು? ಔಷಧಿ ಚೀಟಿ ಬರೀತಾ ಇರೋ ಹಾಗೆ?

ರೋಗಿಗಳು ಮಲಗುವ ಮಂಚದ ಮೇಲೆ ಡಾಕ್ಟರ ಹೆಂಡತಿ ಕಾಲು ಇಳಿಬಿಟ್ಟು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಕೋಟು ಕೊಟ್ಟು ಹೋಗಲು ಬಂದವರು, ಪುಕ್ಕಟೆ ತಮಾಷೆ ಬಿಟ್ಟು ಹೋಗಲು ಮನಸ್ಸಾಗದೆ ಉಳಿದಿದ್ದರು.

ಹೆಂಡತಿ: ಪೆನ್ನು ಬೇಡಪ್ಪಾ. ನಿಮ್ಮ ಬರಹ ನೋಡಿ, ಯಾವ ಕಾಲದ ಶಾಸನ ಇದು ಅಂತ ಮುಂದೆ ಸಂಶೋಧನೆ ಶುರುವಾಗುತ್ತೆ.

ಡಾಕ್ಟರು: ಹಾಗಾದ್ರೆ ಬರಿಗೈಲಿ ನಿಲ್ತೀನಿ. ಹೀಗೆ, ಕೈ ಮುಂದಕ್ಕೆ ಚಾಚಿ.

ಹೆಂಡತಿ: ಫೀಸು ಕೇಳ್ದಂಗಿದೆ.

ಡಾಕ್ಟರು: ಎರಡೂ ಕೈ ಎತ್ತಲಾ?

ಚಿತ್ರಕಾರ: ಬೇಡ ಸಾರ್! ‘ನಮ್ಮ ಕೈಲಾಗಿದ್ದು ಮಾಡಿದ್ವಿ’ ಅಂದ ಹಾಗಿದೆ. ಹೊರಗೆ ಕೂತಿರೋ ನೆಂಟರು ನೋಡಿದ್ರೆ ಅಳೋಕೆ ಶುರು ಮಾಡ್ತಾರೆ.

ಡಾಕ್ಟರು: ನಗ್ತಾ ಕೈ ಬೀಸ್ತೀನಿ, ಸರೀನಾ?

ಹೆಂಡತಿ: ಓಟು ಯಾವಾಗ್ರೀ?

ಡಾಕ್ಟರಿಗೆ ರೇಗಿಹೋಯಿತು. ರೇಗಿದಾಗ ಹೋಗಿ ಕೈ ತೊಳೆಯುವುದು ಅವರ ಹಳೇ ಚಾಳಿ. ದಡದಡ ಮೂಲೆಯ ಬೇಸಿನ್ನಿಗೆ ಹೋಗಿ ನಲ್ಲಿ ತಿರುಗಿಸಿ, ಸೋಪು ಕೈಗೆ ತೆಗೆದುಕೊಂಡವರು ಹಾಗೇ ನಿಂತುಬಿಟ್ಟರು.

ಡಾಕ್ಟರು: ಸೋಪು! ಅಯ್ಯೋ, ಸೋಪು ಕಣ್ರೀ! ಹೆರಿಗೆ ಮಾಡಿಸೋಕೆ ಮುಂಚೆ ಕೈ ತೊಳೀರಿ ಅಂತ ಒಬ್ಬ ಪುಣ್ಯಾತ್ಮ ಹೇಳಿದ್ದಕ್ಕೆ ನಮ್ಮೋರೇ ಅವನ ಮೇಲೆ ಹರಿಹಾಯ್ದಿದ್ರು, ದೊಡ್ಡ ಮನುಷ್ಯರ ಕೈಲಿ ಕೊಳೆ ಇರುತ್ತಾ ಅಂತ! ಬುಡ್ಡಿ ಹೋಯ್ತು, ಜಿಗಣೆ ಹೋಯ್ತು, ಸೋಪು ಉಳೀತು. ಇದನ್ನ ನೋಡಿ ಯಾವನು ನಗ್ತಾನೋ ನೋಡೇಬಿಡ್ತೀನಿ!

ಚಿತ್ರಕಾರ: ಹಾಗೇ ನಿಂತಿರಿ ಸಾರ್! ಅಲ್ಲಾಡಬೇಡಿ! ಇಂಥ ಭಂಗಿ ಹುಟ್ಟಿದಾಗಿಂದ ನೋಡಿಲ್ಲ!

ಡಾಕ್ಟರು: ನಾನು ಗೋಡೆ ಕಡೆ ತಿರುಗಿದೀನಲ್ರೀ. ನಿಮಗೆ ಕಾಣ್ತಿರೋದು ಬೆನ್ನು.

ಚಿತ್ರಕಾರ: ಅದೇ ಸಾರ್ ಅದರ ಸೊಗಸು!

ಡಾಕ್ಟರು: ಕೈಯೇ ಕಾಣಲ್ಲ.

ಚಿತ್ರಕಾರ: ಕೈ ಕಾಣಲೇಬಾರದು ಸಾರ್!

ಮಂಚದ ಮೇಲಿದ್ದವರು ಮೆಲ್ಲಗೆ ಇಳಿದು ಚಿತ್ರಕಾರನ ಹತ್ತಿರ ಬಂದರು.

ಹೆಂಡತಿ: ಅಲ್ಲಾ, ಆಗಿಂದ ನೋಡ್ತಿದೀನಿ. ಅದು ಬೇಡ, ಇದು ಬೇಡ, ಬರಿಗೈಯೂ ಬೇಡ. ನಿಮಗೆ ಕೈ ಬರೆಯೋಕೆ ಬರಲ್ವಾ?

ಚಿತ್ರಕಾರನ ಮುಖ ಸಪ್ಪಗಾಯಿತು.

ಚಿತ್ರಕಾರ: ಬೆರಳು ಅಮ್ಮಾ... ಮುಖ ಅಂದ್ರೆ ನಂಗೆ ನೀರು ಕುಡಿದಷ್ಟು ಸಲೀಸು. ಬೆರಳು ಬರೆಯೋಕೆ ಹೋದ್ರೆ ಬೆಂಡೇಕಾಯಿ ಆಗುತ್ತೆ. ಜಡ್ಜ್ ಸಾಹೇಬ್ರ ಕೈ ಕೋಟಿನೊಳಗೆ ಹಾಕ್ಸಿದೆ. ಹಾಡೋ ಅಮ್ಮನೋರಿಗೆ ದೊಡ್ಡ ಶಾಲು ಹೊದಿಸ್ದೆ. ಪಿಟೀಲು ನುಡಿಸೋರು ಒಬ್ರು ಬಂದ್ರು ನೋಡಿ, ಜ್ವರ ಅಂತ ಹೇಳಿ ಮುಸುಕು ಹಾಕ್ಕೊಂಡು ಮಲಗಿಬಿಟ್ಟೆ.

ಡಾಕ್ಟರು: ಅದಕ್ಕೇನ್ರೀ ಬುಡ್ಡಿ ಹಿರಿಯರ ಕಥೆ ಹೇಳಿ ನನ್ನ ಹೆದರಿಸಿದ್ದು?

ಚಿತ್ರಕಾರ: ‘ಬರಲ್ಲ’ ಅಂದ್ರೆ ದಡ್ಡ ಅಂತಾರೆ ಸಾರ್. ‘ಬೇಡ’ ಅಂದ್ರೆ ಬಲ್ಲವನು ಅಂತಾರೆ.

ಡಾಕ್ಟರು ಬೈಯಲೆಂದು ಬಾಯಿ ತೆರೆದರು. ಬೈಗುಳದ ಬದಲು ನಗು ಬಂತು. ಬೇಸಿನ್ನು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಡಾಕ್ಟರು: ಬನ್ನಿ ಸ್ವಾಮಿ, ನೀವೂ ನಮ್ಮ ಜಾತಿಯೋರೇ! ಚರ್ಮದ ಮೇಲೆ ಎದ್ದಿದ್ದು ಏನು ಅಂತ ತಿಳೀದೇ ಇದ್ರೆ ‘ಅಲರ್ಜಿ’ ಅಂತಿದ್ದೆ. ಗಂಟಲಿಂದು ತಿಳೀದಿದ್ರೆ ‘ಹವಾ ಬದಲಾಗಿದೆ’. ಏನೇನೂ ತಿಳೀದಿದ್ರೆ ‘ವಯಸ್ಸಾಯ್ತಲ್ಲ, ಇರುತ್ತೆ’ ಅಂತಿದ್ದೆ. ಜನ ಕೈ ಮುಗಿದು ಹೋಗೋರು.

ಹೆಂಡತಿ: ಹೌದಾ? ನನ್ನ ಮಂಡಿನೋವಿಗೂ ಅದನ್ನೇ ತಾನೇ ಹೇಳಿದ್ದು?

ಸೋಪು ಡಾಕ್ಟರ ಕೈಯಿಂದ ಜಾರಿ ಬೇಸಿನ್ನಿಗೆ ಬಿತ್ತು.

ಡಾಕ್ಟರು: ಅದು... ಅದು ನಿಜವಾಗ್ಲೂ ವಯಸ್ಸೇ ಕಣೇ.

ಹೆಂಡತಿ: ಮನೆಗೆ ಬನ್ನಿ, ಮಾತಾಡೋಣ.

ಚಿತ್ರಕಾರ: ಸಾರ್, ಹಾಗಾದ್ರೆ... ಬೆನ್ನೇ ಬರೀಲಾ?

ಡಾಕ್ಟರು: ಬರೀರಿ. ನಗೋರಿಗೆ ಮುಖಾನೇ ಸಿಗದಿದ್ರೆ ಯಾರನ್ನ ನೋಡಿ ನಗ್ತಾರೆ?

ಗೆದ್ದೆನೆಂಬ ಉತ್ಸಾಹ ಸ್ವಲ್ಪ ಹೊತ್ತೂ ನಿಲ್ಲಲಿಲ್ಲ. ಡಾಕ್ಟರು ನಲ್ಲಿ ನಿಲ್ಲಿಸಿ, ಬೇಸಿನ್ನಿಗೆ ಬಿದ್ದಿದ್ದ ಸೋಪನ್ನು ಎತ್ತಿಟ್ಟರು.

ಡಾಕ್ಟರು: ಆದ್ರೂ, ಇಡೀ ಆಯುಷ್ಯ ಇಲ್ಲೇ ದುಡಿದೆ. ಕೊನೆಗೆ ಇದು ಯಾರು ಅಂತ ಒಂದು ನರಪಿಳ್ಳೆಗೂ ಗುರುತು ಸಿಗಲ್ವಲ್ಲ ಕಣೇ.

ಹೆಂಡತಿ ತಾವು ತಂದಿದ್ದ ಕೋಟಿನ ಮಡಿಕೆ ಬಿಡಿಸಿ ಹಿಂದಿನಿಂದ ಅವರ ಹೆಗಲಿಗೆ ಹಾಕಿದರು.

ಹೆಂಡತಿ: ನಂಗೆ ಸಿಗುತ್ತೆ ಬಿಡಿ. ತಟ್ಟೆ ಮುಂದೆ ಕೂತಿದ್ದೋರು ಫೋನ್ ಬಂದ ಕೂಡ್ಲೇ ಎದ್ದು ಬಾಗಿಲ ಕಡೆ ಹೊರಟುಬಿಡ್ತಿದ್ರಲ್ಲ, ಇದೇ ಬೆನ್ನು. ನಾನು ಸಂಸಾರ ಮಾಡಿದ್ದೇ ಇದರ ಜೊತೆ. ಗುರುತು ಸಾಲದೇ ಇರೋದು ಮುಖದ್ದು. ಇನ್ಮೇಲೆ ದಿನಾ ಎದುರಿಗೇ ಇರುತ್ತಲ್ಲ, ನಿಧಾನಕ್ಕೆ ಪರಿಚಯ ಮಾಡ್ಕೊಳ್ತೀನಿ.